ಗುಂಡಿನ ಮೈ, ಗುಂಡಿನ ಒಡಲು

ಇಂಗ್ಲಿಷಿನಲ್ಲಿ ‘ಬಯಸ್’ ಎಂಬುದೊಂದು ಮಾತಿದೆ. ಅದನ್ನು ನಾವು ‘ಪಕ್ಷಪಾತ’ ಎಂದು ಕನ್ನಡಿಸುತ್ತೇವೆ. ನ್ಯಾಯಾಧೀಶನಲ್ಲಿ ಇರಬಾರದ, ವಿಮರ್ಶಕನಲ್ಲಿ ಇಣುಕಬಾರದ ದೋಷವೆಂದು ಅದನ್ನು ಎಣಿಸುತ್ತೇವೆ. ಮೂಲದಲ್ಲಿ ಇದು ‘ಓರೆ’ ಎಂಬಷ್ಟೇ ಅರ್ಥವಿದ್ದ ಫ್ರೆಂಚ್ ಪದ. ಹದಿನಾರನೆಯ ಶತಮಾನದಲ್ಲಿ ಅದು ಇಂಗ್ಲೆಂಡಿನ ಹುಲ್ಲುಹಾಸಿನ ಮೇಲೆ ಗುಂಡು ಉರುಳಿಸುವ ಆಟದೊಳಕ್ಕೆ ಪ್ರವೇಶಿಸಿತು. ಆ ಆಟದ ಗುಂಡು ನೆಟ್ಟಗೆ ಹೋಗುವಂಥದಲ್ಲ. ಒಂದು ಮಗ್ಗುಲನ್ನು ಬೇರೆಯಾಗಿ ರೂಪಿಸಿಯೋ, ಹಿಂದಿನ ಕಾಲದಲ್ಲಿ ಒಡಲಿಗೆ ಸೀಸವನ್ನು ತುಂಬಿಯೋ, ಅದು ಒಂದು ಕಡೆಗೆ ವಾಲುವಂತೆ ಬೇಕೆಂದೇ ಮಾಡುತ್ತಿದ್ದರು. ಆ ವಾಲಿಕೆಗೆ ‘ಬಯಸ್’ ಎಂದು ಹೆಸರಾಯಿತು. ಗುಂಡಿಗೆ ಅಂಟಿದ ಮಾತು ಕ್ರಮೇಣ ಮನುಷ್ಯನ ಮನಸ್ಸಿಗೂ ಅಂಟಿಕೊಂಡಿತು. ಷೇಕ್ಸ್‌ಪಿಯರನ ‘ಎರಡನೆಯ ರಿಚರ್ಡ್’ ನಾಟಕದ ಉದ್ಯಾನದ ದೃಶ್ಯದಲ್ಲಿ ಗುಂಡಾಟದ ಪ್ರಸ್ತಾಪ ಬಂದಾಗ, ದುಃಖಿತಳಾದ ರಾಣಿ ಈ ಪಾರಿಭಾಷಿಕ ಪದವನ್ನೇ ಎತ್ತಿಕೊಂಡು ತನ್ನ ವಿಧಿಗೆ ಅನ್ವಯಿಸಿಕೊಳ್ಳುತ್ತಾಳೆ. ನಮ್ಮ ಆಡುಮಾತಿನಲ್ಲಿಯೂ ‘ಅವನು ಆ ಕಡೆಗೆ ವಾಲಿದ’ ಎನ್ನುವ ರೂಢಿಯುಂಟಷ್ಟೆ.

ಗುಂಡು ಏಕೆ ವಾಲುತ್ತದೆ? ಅದರ ಮೈಯಿಂದಲೋ, ಒಡಲಿನಿಂದಲೋ, ಉರುಳಿಸಿದ ಕೈಯಿಂದಲೋ? ಈ ಪ್ರಶ್ನೆಯ ಬೆನ್ನು ಹತ್ತಿ ಒಂದು ಆಟವೇ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿ ಜಗಳವಾಡಿದೆ. ಅದು ಹತ್ತು ಪಿನ್ನುಗಳ ಬೌಲಿಂಗ್ ಆಟ. ಈ ಜಗಳದ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ದೇವನಹಳ್ಳಿ ತಾಲ್ಲೂಕಿನ ಕುಂದಾಣದವನಾದ, ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ಆಟದ ಗೊಡವೆ ಏಕೆ ಎಂದು ನೀವು ಕೇಳಬಹುದು. ನಮ್ಮ ಊರಿಗೂ ಬೆಂಗಳೂರಿಗೂ ನಡುವಣ ದೂರ ಈಗ ಹೆಸರಿಗೆ ಮಾತ್ರ ಉಳಿದಿದೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲಂತೂ ನಗರವೇ ನಮ್ಮ ಕಡೆಗೆ ಉರುಳಿಕೊಂಡು ಬಂದಿದೆ. ಆ ನಗರದಲ್ಲಿ ಈ ಆಟ ಬೇರೂರಿದೆ. ಚರ್ಚ್ ಸ್ಟ್ರೀಟಿನ ‘ಅಮೀಬಾ’ದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ಒಂದಕ್ಕಿಂತ ಹೆಚ್ಚು ಬಾರಿ ನಡೆದಿವೆ, ಕರ್ನಾಟಕದ ಆಟಗಾರರು ಅಲ್ಲಿ ಮುಂಚೂಣಿಯಲ್ಲಿ ನಿಂತಿದ್ದಾರೆ. ನಮ್ಮ ಹಳ್ಳಿಗಳ ತರುಣರು ಅಲ್ಲಿಗೆ ಹೋಗಿ ಬಾಡಿಗೆಯ ಬೂಟು ತೊಟ್ಟು ಗುಂಡು ಉರುಳಿಸಿ ಬರುತ್ತಾರೆ. ಅವರು ಕೈಯಲ್ಲಿ ಹಿಡಿಯುವ ವಸ್ತುವಿನ ಕಥೆ ಅವರಿಗೂ ತಿಳಿದಿರಲಿ ಎಂಬುದು ನನ್ನ ಆಸೆ.

ಮೊದಲು ವಸ್ತುವಿನ ಪರಿಚಯ. ಚೆಂಡು ಎಂದರೆ ನಮ್ಮ ಮನಸ್ಸಿಗೆ ಬರುವುದು ಪುಟಿಯುವ ವಸ್ತು; ಹಳೆಯ ಕಾವ್ಯಗಳ ಕಂದುಕಕ್ರೀಡೆಯೆಲ್ಲ ಪುಟಿತದ ಸೊಗಸು. ಇದು ಪುಟಿಯುವುದಿಲ್ಲ, ಉರುಳುತ್ತದೆ. ಆದುದರಿಂದ ಚೆಂಡು ಎನ್ನುವುದಕ್ಕಿಂತ ಗುಂಡು ಎನ್ನುವುದೇ ಮೇಲು. ಇದರ ಗರಿಷ್ಠ ತೂಕ ೧೬ ಪೌಂಡು, ಅಂದರೆ ಏಳೂಕಾಲು ಕಿಲೋ. ಕ್ರೀಡಾಕೂಟಗಳ ‘ಗುಂಡು ಎಸೆತ’ದಲ್ಲಿ ಪುರುಷರು ಎಸೆಯುವ ಕಬ್ಬಿಣದ ಗುಂಡಿನ ತೂಕವೂ ಅಷ್ಟೆ. ಸುತ್ತಳತೆ ೨೭ ಅಂಗುಲ ಮೀರಬಾರದು. ಆಟಗಾರ ನಿಲ್ಲುವ ಗೆರೆಯಿಂದ ಮೊದಲ ಪಿನ್ನಿಗೆ ೬೦ ಅಡಿ. ಹತ್ತು ಪಿನ್ನುಗಳು ತ್ರಿಕೋನಾಕಾರವಾಗಿ ನಿಂತಿರುತ್ತವೆ. ಒಂದೊಂದರ ಎತ್ತರ ೧೫ ಅಂಗುಲ.

ಗುಂಡನ್ನು ನೆಟ್ಟಗೆ ಉರುಳಿಸಿ ಮುಂದಿನ ಪಿನ್ನಿಗೆ ನಡುಮಧ್ಯೆ ಬಡಿದರೆ ಎಲ್ಲವೂ ಉರುಳಬೇಕಲ್ಲವೇ ಎಂದು ನೋಡುವವರಿಗೆ ತೋರುತ್ತದೆ. ಹಾಗಾಗುವುದಿಲ್ಲ. ನೆಟ್ಟಗೆ ಬಡಿದ ಗುಂಡು ನಡುವೆ ಬಾಗಿಲು ತೆರೆದುಕೊಂಡು ಹೋಗುತ್ತದೆ. ಎರಡು ಮಗ್ಗುಲಿನ ಪಿನ್ನುಗಳು ಕಂಬಗಳಂತೆ ನಿಂತುಬಿಡುತ್ತವೆ. ಬಲಗೈ ಆಟಗಾರನಾದರೆ ಮೊದಲನೆಯ ಹಾಗೂ ಮೂರನೆಯ ಪಿನ್ನುಗಳ ನಡುವಣ ಸಂದಿಗೆ ಓರೆಯಾಗಿ, ಸುಮಾರು ಆರು ಡಿಗ್ರಿ ಕೋನದಲ್ಲಿ ಗುಂಡು ಹೊಗಬೇಕು. ಹಾಗೆ ಹೊಕ್ಕ ಗುಂಡು ತಾನಾಗಿ ಮುಟ್ಟುವುದು ನಾಲ್ಕೇ ಪಿನ್ನುಗಳನ್ನು. ಉಳಿದ ಆರನ್ನು ಬಿದ್ದ ಪಿನ್ನುಗಳೇ ಕೆಡವುತ್ತವೆ. ಇಕ್ಕಟ್ಟಾದ ಹಾದಿಯಲ್ಲಿ ಅಷ್ಟು ಓರೆಯನ್ನು ನೆಟ್ಟನೆಯ ಎಸೆತದಿಂದ ಪಡೆಯಲಾಗದು. ಗುಂಡು ಕೊನೆಯಲ್ಲಿ ಬಾಗಲೇಬೇಕು. ಈ ಬಾಗುವಿಕೆಯನ್ನು ಆಟಗಾರರು ‘ಹುಕ್’ ಎನ್ನುತ್ತಾರೆ. ಆಟದ ಶಾಸ್ತ್ರವೆಲ್ಲ ಅದರ ಸುತ್ತ ಬೆಳೆದಿದೆ.

ಬಾಗುವಿಕೆಯ ಕಾರಣವನ್ನು ಗಣಿತದ ಭಾಷೆಯಲ್ಲಿ ಹೇಳಿದವನು ಫ್ರಾನ್ಸಿನ ಕೊರಿಯೋಲಿಸ್. ೧೮೩೫ರಲ್ಲಿ ಅವನು ಬಿಲಿಯರ್ಡ್ಸ್ ಆಟದ ಗಣಿತವನ್ನು ಕುರಿತು ಒಂದು ಗ್ರಂಥವನ್ನೇ ಬರೆದ. ಪಂಕಜ್ ಆಡ್ವಾಣಿಯವರ ಆಟವನ್ನು ಬಲ್ಲ ಬೆಂಗಳೂರಿನವರಿಗೆ ಆ ಆಟದ ಪರಿಚಯ ಹೊಸದಾಗಿ ಬೇಕಿಲ್ಲ. ಚೆಂಡು ಮುಂದಕ್ಕೆ ಸಾಗುತ್ತಾ ತನ್ನೊಳಗೆ ಬೇರೊಂದು ದಿಕ್ಕಿಗೆ ಸುತ್ತುತ್ತಿದ್ದರೆ, ನೆಲಕ್ಕೆ ತಾಗಿದ ಬಿಂದು ಓರೆಯಾಗಿ ಜಾರುತ್ತದೆ. ಘರ್ಷಣೆ ಆ ಜಾರಿಕೆಗೆ ಎದುರಾಗಿ ಒತ್ತುತ್ತದೆ. ಚೆಂಡಿನ ಹಾದಿ ಬಾಗುತ್ತದೆ. ಘರ್ಷಣೆ ಒಂದೇ ಸಮನಾಗಿದ್ದರೆ ಆ ಬಾಗು ಪರವಲಯದ ಆಕಾರ ತಾಳುತ್ತದೆ. ಜಾರಿಕೆ ನಿಂತು ಶುದ್ಧ ಉರುಳಿಕೆ ತೊಡಗಿದೊಡನೆ ಬಾಗುವುದು ನಿಂತು ಹಾದಿ ಮತ್ತೆ ನೇರವಾಗುತ್ತದೆ. ಬೌಲಿಂಗ್ ಗುಂಡಿನ ಬದುಕಿನಲ್ಲಿಯೂ ಇವೇ ಮೂರು ಅವಸ್ಥೆಗಳು: ಜಾರುವುದು, ಬಾಗುವುದು, ಉರುಳುವುದು. ಕೈ ಸುತ್ತನ್ನು ಕೊಡಬಲ್ಲುದು. ಆ ಸುತ್ತು ಯಾವಾಗ, ಎಷ್ಟರಮಟ್ಟಿಗೆ ನೆಲವನ್ನು ಹಿಡಿಯಬೇಕೆಂಬುದನ್ನು ನಿರ್ಧರಿಸುವುದು ಗುಂಡಿನ ಮೈ ಮತ್ತು ನೆಲದ ಮೈ.

ನೆಲದ ಮೈಯ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲುಂಟು. ಅಮೆರಿಕದಲ್ಲಿ ೧೮೯೫ರಲ್ಲಿ ಬೌಲಿಂಗ್ ಕಾಂಗ್ರೆಸ್ಸು ಸ್ಥಾಪನೆಗೊಂಡು ಆಟದ ನಿಯಮಗಳು ಒಂದು ಹದಕ್ಕೆ ಬಂದ ಕಾಲದಲ್ಲಿ ಆಟದ ಹಾದಿಗಳು ಮರದ ಹಲಗೆಯವು. ಅವುಗಳ ಮೇಲೆ ಬಳಿಯುತ್ತಿದ್ದುದು ಷೆಲಾಕ್, ಅಂದರೆ ಶೋಧಿಸಿದ ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವ, ನಮ್ಮ ಬಡಗಿಗಳು ಫ್ರೆಂಚ್ ಪಾಲಿಷ್ ಎಂದು ಬಳಸುವ, ಹಳೆಯ ಗ್ರಾಮಫೋನ್ ತಟ್ಟೆಗಳಿಗೆ ಒಡಲಾಗಿದ್ದ ಆ ಅರಗನ್ನು ಅಂದು ಲೋಕಕ್ಕೆ ಬಹುಮಟ್ಟಿಗೆ ಒದಗಿಸುತ್ತಿದ್ದುದು ಭಾರತ. ಅರಗು ಹೊಳೆಯುತ್ತದೆ, ಆದರೆ ಗೀರು ಬೀಳುತ್ತದೆ. ಏಳು ಕಿಲೋ ತೂಕದ ಗುಂಡು ದಿನವಿಡೀ ಉಜ್ಜಿಕೊಂಡು ಹೋದರೆ ಯಾವ ಮೆರುಗು ತಾನೆ ಉಳಿದೀತು? ಅದನ್ನು ಕಾಪಾಡಲೆಂದು ಹಾದಿಯ ಮುಂಭಾಗಕ್ಕೆ ಎಣ್ಣೆ ಸವರುವುದು ಬಳಕೆಗೆ ಬಂತು. ಅರಗು ಹೋಗಿ ಲ್ಯಾಕರ್ ಬಂತು, ಪಾಲಿಯುರೆಥೇನ್ ಬಂತು, ಕಡೆಗೆ ಮರವೇ ಹೋಗಿ ಕೃತಕ ಹಾಸುಗಳು ಬಂದವು. ಎಣ್ಣೆ ಮಾತ್ರ ಉಳಿಯಿತು. ನೆಲವನ್ನು ಉಳಿಸಲು ಬಂದ ಎಣ್ಣೆ ಆಟದ ಹೃದಯವನ್ನೇ ಆಕ್ರಮಿಸಿತು. ಇಂದು ಹಾದಿಯ ಮೊದಲ ನಲವತ್ತು ಅಡಿಗಳಷ್ಟು ಭಾಗಕ್ಕೆ ಎಣ್ಣೆ, ಉಳಿದುದು ಒಣ ನೆಲ. ಗುಂಡು ಎಣ್ಣೆಯ ಮೇಲೆ ಜಾರಿ, ಒಣ ನೆಲದಲ್ಲಿ ಹಿಡಿತ ಪಡೆದು ಬಾಗುತ್ತದೆ.

ಇನ್ನು ಗುಂಡಿನ ಮೈ. ಮೊದಲಿಗೆ ಗುಂಡನ್ನು ಲಿಗ್ನಮ್ ವೈಟೆ ಎಂಬ ಮರದಿಂದ ಕಡೆಯುತ್ತಿದ್ದರು. ‘ಜೀವದ ಮರ’ ಎಂಬುದು ಆ ಹೆಸರಿನ ಅರ್ಥ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ ಅದು. ಆದರೂ ಮರ ಮರವೇ. ಸೀಳುತ್ತದೆ, ಚಕ್ಕೆ ಏಳುತ್ತದೆ, ದುಂಡು ಕೆಡುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಟ್ಟಿ ರಬ್ಬರಿನ ಗುಂಡು ಬಂತು. ೧೯೧೪ರಲ್ಲಿ ಬ್ರನ್ಸ್‌ವಿಕ್ ಸಂಸ್ಥೆ ತನ್ನ ‘ಮಿನರಲೈಟ್’ ಗುಂಡನ್ನು ಹೊರತಂದಿತು. ಅದು ಎಲ್ಲೆಡೆ ಒಂದೇ ಹದದ, ಬಾಳಿಕೆಯ ಗುಂಡು. ಸುಮಾರು ಅರ್ಧ ಶತಮಾನ ರಬ್ಬರೇ ಆಳಿತು. ೧೯೬೦ರ ಹೊತ್ತಿಗೆ ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಬಣ್ಣಬಣ್ಣದ ಗುಂಡುಗಳು ಬಂದವು. ಆ ತನಕ ಗುಂಡು ಮಾಡುವವನು ಬೇರೆ, ಆಡುವವನು ಬೇರೆ ಎಂಬ ಗೆರೆ ಹೆಚ್ಚು ಅಳಿಸಿರಲಿಲ್ಲ.

ಆ ಗೆರೆಯನ್ನು ಅಳಿಸಿದ ವರ್ಷ ೧೯೭೩. ಅಮೆರಿಕದ ವೃತ್ತಿಪರ ಆಟಗಾರ ಡಾನ್ ಮೆಕ್ಯೂನ್ ತನ್ನ ಪ್ಲಾಸ್ಟಿಕ್ ಗುಂಡನ್ನು ರಾಸಾಯನಿಕ ದ್ರಾವಕದಲ್ಲಿ ನೆನೆಹಾಕಿದ. ಗುಂಡಿನ ಹೊರಮೈ ಮೆತ್ತಗಾಯಿತು. ಮೆತ್ತಗಾದ ಮೈ ನೆಲವನ್ನು ಹಿಡಿಯಿತು. ಹಿಡಿದ ಗುಂಡು ಬಾಗಿತು. ಆ ವರ್ಷ ಅವನು ಆರು ಪ್ರಶಸ್ತಿಗಳನ್ನು ಗೆದ್ದು ವರ್ಷದ ಆಟಗಾರನೆನಿಸಿಕೊಂಡ. ಅಂದು ಅದನ್ನು ತಡೆಯುವ ನಿಯಮವೊಂದೂ ಇರಲಿಲ್ಲ. ಉಳಿದವರೂ ದ್ರಾವಕದ ಬಕೀಟುಗಳನ್ನು ಹುಡುಕಿಕೊಂಡು ಹೊರಟರು. ಆ ದಶಕದಲ್ಲಿಯೇ ಗುಂಡಿನ ಮೈಯ ಗಡಸುತನವನ್ನು ಉಪಕರಣದಿಂದ ಅಳೆದು ೭೨ ಅಂಶಕ್ಕಿಂತ ಕಡಿಮೆಯಿರಕೂಡದೆಂಬ ಕಟ್ಟಳೆ ಜಾರಿಗೆ ಬಂತು. ಒಂದು ವಸ್ತುವಿನ ಚರ್ಮ ಎಷ್ಟು ಮೃದುವಾಗಿರಬಹುದೆಂದು ಶಾಸನ ಮಾಡಬೇಕಾದ ಆಟ ಬಹುಶಃ ಬೇರೆ ಇರಲಾರದು.

ಬಾಗಿಲು ಹಾಕಿದರೆ ಕಿಟಕಿ ತೆರೆಯುತ್ತದೆ. ೧೯೮೦ರ ದಶಕದ ಆರಂಭದಲ್ಲಿ ಯುರೆಥೇನ್ ಗುಂಡು ಬಂತು. ಗಡಸುತನದ ಕಟ್ಟಳೆಯನ್ನು ಪಾಲಿಸುತ್ತಲೇ ನೆಲವನ್ನು ಹಿಡಿಯುವ ಗುಣ ಅದಕ್ಕಿತ್ತು. ೧೯೯೦ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಎಂಬ ರಾಳದ ಗುಂಡು ಬಂತು. ಕಣ್ಣಿಗೆ ಕಾಣದ ರಂಧ್ರಗಳಿಂದ ಕೂಡಿದ ಅದರ ಮೈ ಹಾದಿಯ ಎಣ್ಣೆಯನ್ನು ಹೀರಿಕೊಂಡು ನೆಲವನ್ನು ಹಿಡಿಯುತ್ತದೆ. ಹೀರಿ ಹೀರಿ ಒಂದು ದಿನ ದಣಿಯುತ್ತದೆ. ಆಗ ಅದನ್ನು ಹದವಾಗಿ ಬಿಸಿಮಾಡಿ ಎಣ್ಣೆಯನ್ನು ಹೊರಗೆ ಬರಿಸುತ್ತಾರೆ.

ವಸ್ತು ಯಾವುದೇ ಇರಲಿ, ಮೈಯನ್ನು ಉಜ್ಜುವ ಬಗೆ ಅದರ ನಡತೆಯನ್ನು ಬದಲಿಸುತ್ತದೆ. ಮರಕ್ಕೆ ಉಪ್ಪುಕಾಗದ ಉಜ್ಜುವಂತೆ ಗುಂಡಿಗೂ ಉಜ್ಜುತ್ತಾರೆ. ೫೦೦ ಎಂಬ ಅಂಕಿಯದು ಒರಟು, ೪೦೦೦ದ್ದು ನಯ, ಅದರಾಚೆಗೆ ಮೆರುಗಿನ ದ್ರವ. ಒರಟು ಗುಂಡು ಹೆಚ್ಚು ಹಿಡಿಯುವುದರಿಂದ ಹೆಚ್ಚು ಬಾಗುತ್ತದೆ ಎಂದು ಊಹಿಸುವುದು ಸಹಜ. ಎಣ್ಣೆ ದಟ್ಟವಾಗಿರುವಾಗ ಅದು ನಿಜ. ಎಣ್ಣೆ ಕಡಿಮೆಯಿದ್ದಲ್ಲಿ ಒರಟು ಗುಂಡು ಹಾದಿಯ ನಡುವೆಯೇ ಹಿಡಿತ ಪಡೆದು, ಬೇಗನೆ ಬಾಗಿ, ಪಿನ್ನುಗಳ ಬಳಿ ಬರುವ ವೇಳೆಗೆ ಸೊರಗುತ್ತದೆ. ಮೆರುಗಿನ ಗುಂಡು ಬಹುದೂರ ಜಾರಿ, ತನ್ನ ಸುತ್ತನ್ನೆಲ್ಲ ಉಳಿಸಿಕೊಂಡು, ಒಣ ನೆಲ ಸಿಕ್ಕೊಡನೆ ಥಟ್ಟನೆ ತಿರುಗುತ್ತದೆ. ಕ್ರಿಕೆಟ್ಟನ್ನು ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ಹೊಸ ಚೆಂಡಿನ ಮೆರುಗು ವೇಗಿಗಳ ಆಸ್ತಿ; ಮೆರುಗು ಹೋಗಿ ಮೈ ಒರಟಾಗುವ ತನಕ ಪ್ರಸನ್ನ, ಚಂದ್ರಶೇಖರರಂಥ ಸ್ಪಿನ್ ಬೌಲರುಗಳು ಸಾಮಾನ್ಯವಾಗಿ ಕಾಯಬೇಕಿತ್ತು. ಅಲ್ಲಿ ಒರಟುತನ ಕಾಲಕ್ರಮದಲ್ಲಿ ತಾನಾಗಿ ಬರುತ್ತದೆ; ಇಲ್ಲಿ ಅದನ್ನು ಆಟಗಾರ ಆಟಕ್ಕೆ ಮುನ್ನ ತನ್ನ ಕೈಯಿಂದ ಆರಿಸಿಕೊಳ್ಳುತ್ತಾನೆ. ಆದರೆ ಆರಿಸಿದ್ದು ಉಳಿಯುವುದಿಲ್ಲ. ಆಡಿದಷ್ಟೂ ಒರಟಾದುದು ನಯವಾಗುತ್ತದೆ, ಮೆರುಗಿನದು ಮಂಕಾಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಬೌಲಿಂಗ್ ಕಾಂಗ್ರೆಸ್ಸು ಗುಂಡಿನ ಚಲನೆಯನ್ನು ಕುರಿತು ದೀರ್ಘ ಅಧ್ಯಯನ ನಡೆಸಿದಾಗ, ಗುಂಡಿನ ಎಲ್ಲ ಗುಣಗಳಲ್ಲಿ ಮೈಯ ಒರಟುತನವೇ ಚಲನೆಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವುದೆಂದು ಕಂಡುಬಂತು.

ಹಾಗಾದರೆ ಒಡಲಿಗೆ ಬೆಲೆಯಿಲ್ಲವೇ? ಉಂಟು, ಅದನ್ನು ತಿಳಿಯಲು ಬುಗುರಿಯನ್ನು ನೆನೆಯಬೇಕು. ನಮ್ಮ ಕುಂದಾಣದ ಕಡೆ ಬುಗುರಿಯಾಡಿದ ಯಾವ ಹುಡುಗನಿಗೂ ಗೊತ್ತಿರುವ ಸಂಗತಿ ಇದು. ಬುಗುರಿಯ ಬಣ್ಣ ಎಷ್ಟೇ ಚೆನ್ನಾಗಿರಲಿ, ಮೊಳೆಗೆ ಕೊರೆದ ತೂತು ನಟ್ಟನಡುವೆ ಇಲ್ಲದಿದ್ದರೆ ಅದು ನಿದ್ದೆಹೋದಂತೆ ನಿಂತು ಸುತ್ತದು, ತೂರಾಡುತ್ತದೆ. ಒಂದು ತೂತು ಎಲ್ಲಿ ಬಿತ್ತೆಂಬುದರ ಮೇಲೆ ಇಡೀ ಒಡಲಿನ ತೂಕದ ಹಂಚಿಕೆ ನಿಂತಿದೆ. ಬುಗುರಿಯಲ್ಲಿ ದೋಷವೆನಿಸುವ ಈ ತೂರಾಟವನ್ನೇ ಬೌಲಿಂಗ್ ಗುಂಡಿನಲ್ಲಿ ಬೇಕೆಂದು ಬರಿಸುತ್ತಾರೆ.

ಇಂದಿನ ಗುಂಡಿನ ಒಳಗೆ ಬೇರೆ ಸಾಂದ್ರತೆಯ ಒಂದು ತಿರುಳು ಹುದುಗಿರುತ್ತದೆ. ಅದರ ತುದಿ ಎಲ್ಲಿದೆಯೆಂದು ತಿಳಿಯಲು ಹೊರಮೈ ಮೇಲೆ ಒಂದು ಚುಕ್ಕೆ ಇರುತ್ತದೆ. ಗುಂಡು ಒಂದೇ ಅಕ್ಷದ ಮೇಲೆ ಅಲುಗದೆ ಸುತ್ತಿದರೆ, ಪ್ರತಿ ಸುತ್ತಿನಲ್ಲಿಯೂ ಅದೇ ಪಟ್ಟಿ ನೆಲಕ್ಕೆ ತಾಗುತ್ತದೆ. ಆ ಪಟ್ಟಿಗೆ ಮೊದಲ ಸುತ್ತಿನಲ್ಲೇ ಎಣ್ಣೆ ಮೆತ್ತಿ ಹಿಡಿತ ತಪ್ಪುತ್ತದೆ. ತಿರುಳು ಆಟಗಾರನ ಅಕ್ಷಕ್ಕೆ ಓರೆಯಾಗಿ ಕುಳಿತಿದ್ದರೆ ಅಕ್ಷವೇ ಮೆಲ್ಲಮೆಲ್ಲನೆ ಸರಿಯುತ್ತದೆ. ಆಗ ಸುತ್ತು ಸುತ್ತಿಗೂ ಗುಂಡಿನ ಹೊಸ ಭಾಗ, ಎಣ್ಣೆ ಅಂಟದ ಒಣ ಮೈ, ನೆಲಕ್ಕೆ ಒದಗುತ್ತದೆ. ಆಡಿ ಮರಳಿದ ಗುಂಡನ್ನು ನೋಡಿದರೆ ಎಣ್ಣೆಯ ಗೆರೆಗಳು ಒಂದರ ಪಕ್ಕ ಒಂದು ಬೀಸಣಿಗೆಯಂತೆ ಬಿಚ್ಚಿಕೊಂಡಿರುವುದು ಕಾಣುತ್ತದೆ. ಮೈಯ ಗುಣವನ್ನು ನೆಲಕ್ಕೆ ಮುಟ್ಟಿಸುವುದು ಒಡಲಿನ ಕೆಲಸ ಎಂದರೆ ತಪ್ಪಾಗದು. ಶಬ್ದ ಮುಖ್ಯವೋ ಅರ್ಥ ಮುಖ್ಯವೋ ಎಂದು ನಮ್ಮ ಆಲಂಕಾರಿಕರು ಮಾಡಿದ ಚರ್ಚೆ ಇಲ್ಲಿ ನನಗೆ ನೆನಪಾಗುತ್ತದೆ. ಬೇರ್ಪಡಿಸಿ ಹೇಳಬಹುದು, ಬೇರ್ಪಡಿಸಿ ಕೆಲಸ ಮಾಡಿಸಲಾಗದು.

ತಿರುಳು ಓರೆಯಾಗುವುದೂ ನೆಟ್ಟಗಿರುವುದೂ ಕೊರೆಯುವವನ ಕೈಯಲ್ಲಿದೆ. ಒಳ್ಳೆಯ ಗುಂಡು ಅಂಗಡಿಗೆ ಬರುವುದು ತೂತುಗಳಿಲ್ಲದೆ. ದರ್ಜಿ ಅಳತೆ ತೆಗೆದುಕೊಳ್ಳುವಂತೆ ಕೊರೆಯುವವನು ಆಟಗಾರನ ಹೆಬ್ಬೆರಳು, ನಡುಬೆರಳು, ಉಂಗುರಬೆರಳುಗಳ ಗಾತ್ರ, ಅವುಗಳ ನಡುವಣ ಅಂತರ, ಅವು ಬಾಗುವ ಕೋನ ಎಲ್ಲವನ್ನೂ ಅಳೆಯುತ್ತಾನೆ. ಆಮೇಲೆ ಆ ಆಟಗಾರ ಎಸೆದಾಗ ಗುಂಡು ಸುತ್ತುವ ಅಕ್ಷದ ತುದಿಯನ್ನು ಗುರುತಿಸುತ್ತಾನೆ. ಆ ತುದಿಗೂ ತಿರುಳಿನ ಚುಕ್ಕೆಗೂ ಎಷ್ಟು ದೂರವಿರಬೇಕೆಂಬುದೇ ಕೊರೆತದ ಮರ್ಮ. ಎರಡೂ ಒಂದೇ ಕಡೆ ಬಿದ್ದರೆ ಅಕ್ಷ ಸರಿಯದು. ೬¾ ಅಂಗುಲ, ಅಂದರೆ ಸುತ್ತಳತೆಯ ಸರಿಯಾಗಿ ಕಾಲುಭಾಗ ದೂರವಿದ್ದರೂ ಸರಿಯದು. ಅದರ ಅರ್ಧ, ೩⅜ ಅಂಗುಲದ ಸುಮಾರಿಗೆ ಇದ್ದಾಗ ಗೆರೆಗಳ ಬೀಸಣಿಗೆ ಅತ್ಯಂತ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಒಂದೇ ಅಚ್ಚಿನಲ್ಲಿ ಹುಟ್ಟಿದ ಎರಡು ಗುಂಡುಗಳು ಕೊರೆತದ ಎರಡು ಅಂಗುಲಗಳ ವ್ಯತ್ಯಾಸದಿಂದ ಬೇರೆ ಬೇರೆ ಸ್ವಭಾವ ತಾಳುತ್ತವೆ.

ಬಾಗಿಲು ಮುಚ್ಚಿದಾಗ ಕಿಟಕಿ ಹುಡುಕಿದವರು ಇಲ್ಲಿಯೂ ಇದ್ದರು. ಬೆರಳುಗಳಿಗೆಂದು ಕೊರೆದ ತೂತುಗಳು ಒಡಲಿನ ತೂಕವನ್ನು ಏರುಪೇರು ಮಾಡುತ್ತವೆ. ಅದನ್ನು ಸರಿತೂಗಿಸಲು ಬೆರಳು ಹೊಗದ ಇನ್ನೊಂದು ತೂತನ್ನು ಕೊರೆಯಲು ಅವಕಾಶವಿತ್ತು. ಸರಿತೂಗಿಸಲು ಬಂದ ಆ ತೂತು, ತಿರುಳಿನ ಓರೆಯನ್ನು ಹೆಚ್ಚಿಸುವ ಸಾಧನವಾಗಿ ಬೆಳೆಯಿತು. ೨೦೨೦ರ ಆಗಸ್ಟ್ ೧ರಿಂದ ಅಮೆರಿಕದ ಕಾಂಗ್ರೆಸ್ಸು ಅದನ್ನು ರದ್ದುಮಾಡಿತು. ಬೆರಳು ಹಿಡಿಯದ ತೂತು ಗುಂಡಿನಲ್ಲಿ ಇರಕೂಡದು ಎಂಬುದು ಇಂದಿನ ನಿಯಮ. ಮೈಯ ಕಟ್ಟಳೆಗೂ ಕಾವಲು ಬೇಕಾಯಿತು. ೨೦೨೨ರಲ್ಲಿ, ಕೆಲವು ವರ್ಷಗಳ ಹಿಂದೆ ತಯಾರಾದ ‘ಪರ್ಪಲ್ ಹ್ಯಾಮರ್’ ಗುಂಡುಗಳಲ್ಲಿ ನಿಗದಿತ ಗಡಸುತನಕ್ಕಿಂತ ಮೆತ್ತಗಿರುವವು ಕಂಡುಬಂದು, ಅವನ್ನು ಆ ಸಂಸ್ಥೆಯ ರಾಷ್ಟ್ರೀಯ ಪಂದ್ಯಗಳಿಂದ ಹೊರಗಿಡಲಾಯಿತು.

ಕ್ರಿಕೆಟ್ಟಿನಲ್ಲಿಯೂ ಇದೇ ಕಥೆ. ೨೦೧೮ರ ಮಾರ್ಚಿಯಲ್ಲಿ ಕೇಪ್‌ಟೌನಿನಲ್ಲಿ ಆಸ್ಟ್ರೇಲಿಯದವರು ಉಪ್ಪುಕಾಗದದಿಂದ ಚೆಂಡಿನ ಮೈ ಕೆಡಿಸಲು ಹೋಗಿ ಸಿಕ್ಕಿಬಿದ್ದುದನ್ನು ಲೋಕವೆಲ್ಲ ಕಂಡಿತು. ಕೋವಿಡ್ ಕಾಲದಲ್ಲಿ, ೨೦೨೦ರಲ್ಲಿ, ಚೆಂಡಿಗೆ ಎಂಜಲು ಹಚ್ಚಿ ಹೊಳಪಿಸುವುದನ್ನು ನಿಷೇಧಿಸಿದರು. ೨೦೨೨ರಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳಿಗೆ ಆ ನಿಷೇಧವನ್ನು ಕಾಯಂ ಮಾಡಿದರು. ಒಂದು ಆಟದಲ್ಲಿ ಅಪರಾಧವಾದ ಉಪ್ಪುಕಾಗದ ಇನ್ನೊಂದರಲ್ಲಿ ಆಟಗಾರನ ಚೀಲದ ಸಾಮಾನು. ಗುಂಡನ್ನು ಆಟಕ್ಕೆ ಮುನ್ನ ಉಜ್ಜಬಹುದು, ಕೊರೆಸಬಹುದು. ಆದರೆ ಇಷ್ಟರ ತನಕ ಮಾತ್ರ ಎಂದು ಬೌಲಿಂಗ್ ಗೆರೆ ಎಳೆಯಿತು. ಆ ಗೆರೆ ಮರದ ಕಾಲದಿಂದ ರಾಳದ ಕಾಲದ ತನಕ ಸರಿಯುತ್ತಲೇ ಬಂದಿದೆ. ಗೆಲುವಿನಲ್ಲಿ ಕೈಯ ಪಾಲೆಷ್ಟು, ಕೈಯೊಳಗಿನ ವಸ್ತುವಿನ ಪಾಲೆಷ್ಟು ಎಂಬುದೇ ಪ್ರತಿ ಸಲವೂ ಎದ್ದ ವಿವಾದ.

ಈ ವಿವಾದ ಅಮೆರಿಕದ ವೃತ್ತಿಪರರದು ಮಾತ್ರ ಎಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನ ಆಟದಮನೆಗೆ ಹೋದ ಹುಡುಗನಿಗೆ ದೊರೆಯುವುದು ಕಟ್ಟೆಯ ಮೇಲೆ ಸಾಲಾಗಿಟ್ಟ ಸಾರ್ವಜನಿಕ ಗುಂಡು. ಅದರ ತೂತುಗಳು ಎಲ್ಲರ ಕೈಗೂ ಹೊಂದಲೆಂದು ಕೊರೆದವು; ಆದಕಾರಣ ಯಾರ ಕೈಗೂ ಹೊಂದವು. ಅದರ ಮೈ ಪಾಲಿಯೆಸ್ಟರಿನದು. ಎಣ್ಣೆಯ ಮೇಲೂ ಒಣ ನೆಲದ ಮೇಲೂ ಬಹುಮಟ್ಟಿಗೆ ನೆಟ್ಟಗೆ ಹೋಗುತ್ತದೆ. ಪಕ್ಕದ ಹಾದಿಯಲ್ಲಿ ಸ್ವಂತ ಗುಂಡುಗಳ ಚೀಲ ತಂದವನು ಎಣ್ಣೆ ನೋಡಿ ಒಂದನ್ನು, ಒಣ ನೆಲ ನೋಡಿ ಇನ್ನೊಂದನ್ನು ಆರಿಸಿಕೊಳ್ಳುತ್ತಾನೆ. ಇಬ್ಬರ ಕೈಗಳಲ್ಲಿ ಹೆಚ್ಚು ಬಲ್ಲ ಕೈ ಯಾವುದೆಂದು ಪಿನ್ನುಗಳನ್ನು ಎಣಿಸಿ ತೀರ್ಮಾನಿಸಲಾಗದು. ಸಾರ್ವಜನಿಕ ಗುಂಡು ಬಾಗಲಿಲ್ಲವೆಂದು ತನ್ನ ಕೈಯನ್ನೇ ಹಳಿದುಕೊಂಡು ಬರುವ ತರುಣನಿಗೆ ನಾನು ಹೇಳುವುದಿಷ್ಟೆ: ಆ ಗುಂಡು ಬಾಗಲೆಂದು ಹುಟ್ಟಿದುದಲ್ಲ. ನಿನ್ನ ಕೈಯನ್ನು ಅಳೆಸಿ ಕೊರೆಸಿದ ಗುಂಡೊಂದನ್ನು ಎತ್ತಿ ನೋಡುವ ತನಕ ನಿನ್ನ ತೀರ್ಪನ್ನು ತಡೆದಿರಿಸು.

ಬೆರಳು ಹಿಡಿಯದ ತೂತು ಗುಂಡಿನಲ್ಲಿರಕೂಡದು ಎಂಬ ೨೦೨೦ರ ನಿಯಮ ಈ ಕಾರಣದಿಂದ ನನಗೆ ಹಿಡಿಸುತ್ತದೆ. ಗುಂಡಿನ ಒಡಲನ್ನು ಬದಲಿಸಬೇಕೆನ್ನುವವನು ಈಗ ಬೆರಳು ಹೋಗುವ ದಾರಿಯಿಂದಲೇ ಒಳಗೆ ಹೋಗಬೇಕು. ಕೊರೆತ ಎಷ್ಟೇ ಜಾಣತನದ್ದಾಗಲಿ, ಅದರ ಕೊನೆಯಲ್ಲಿ ಒಬ್ಬ ಮನುಷ್ಯನ ಬೆರಳು ಇರಲೇಬೇಕು.